ಸೆರಗಿನ ಮೂರನೇ ನವಿಲು

ನವೆಂಬರ್ ಮೂರು, ಸೋಮವಾರ, ಬೆಳಿಗ್ಗೆ ಒಂಬತ್ತು ನಲವತ್ತು. ಇಳಕಲ್ಲಿನ ನಮ್ಮ ಸೋದರತ್ತೆ ತನ್ನ ಕಂಪ್ಯೂಟರಿಗೆ ವಿಭೂತಿ ಹಚ್ಚಿದಳು.

ಇದರಲ್ಲಿ ಹೊಸದೇನಿಲ್ಲ. ಪ್ರತಿ ಸೋಮವಾರ ಅವಳ ಮನೆಯಲ್ಲಿ ದುಡಿಯುವ ವಸ್ತುಗಳಿಗೆಲ್ಲ ವಿಭೂತಿ ಸಿಗುತ್ತದೆ. ಹೊಲಿಗೆ ಯಂತ್ರ, ಕತ್ತರಿ, ಮಿಕ್ಸರ್, ಕೊನೆಗೆ ಕಂಪ್ಯೂಟರ್. ದುಡಿಯದವಕ್ಕೆ ಇಲ್ಲ, ಹಾಗಾಗಿ ತಮ್ಮ ಹಣೆಗೆ ತಾವೇ ಹಚ್ಚಿಕೊಳ್ಳಬೇಕಾಗಿದೆ ಎಂದು ಬಸ್ ನಿಲ್ದಾಣದ ನೌಕರಿಯಿಂದ ನಿವೃತ್ತರಾದ ಮಾಮಾ ದೂರುತ್ತಾರೆ. ಅಂದು ಬೇರೆಯಾದದ್ದು ಇಷ್ಟೇ: ಕೆಲವು ದಿನಗಳಿಂದ ಬರುತ್ತಿದ್ದ ಒಂದು ಚೀಟಿ ಆ ಹೊತ್ತಿಗೇ ಪರದೆಯ ನಡುವೆ ಮೂಡಿತ್ತು. ಆಪರೇಟಿಂಗ್ ಸಿಸ್ಟಮಿನ ಹೊಸ ಆವೃತ್ತಿ ಸಿದ್ಧವಿದೆ, ಈಗಲೇ ಹಾಕಲೇ, ಆಮೇಲೆ ಹಾಕಲೇ ಎಂಬ ಪ್ರಶ್ನೆ. ಇಂಗ್ಲಿಷ್ ಓದಲು ಬಾರದ ಅತ್ತೆ ಅಷ್ಟೂ ದಿನ ‘ಆಮೇಲೆ’ ಗುಂಡಿಯನ್ನು ಅದು ಇರುವ ಜಾಗದ ಮೇಲೆ ಗುರುತಿಸಿ ಒತ್ತುತ್ತಿದ್ದಳು. ಅಂದು ಚೀಟಿಯನ್ನು ನೋಡಲೇ ಇಲ್ಲ. ಮೂರು ಬೆರಳು ಅದ್ದಿ, ಕೀಲಿಮಣೆಯ ಮೇಲೆ ಎಡದಿಂದ ಬಲಕ್ಕೆ ಮೂರು ಗೆರೆ ಎಳೆದಳು. ಗೆರೆಗಳು ಬಂದು ಎಂಟರ್ ಗುಂಡಿಯ ಮೇಲೆ ನಿಂತವು.

ಪರದೆ ಕಪ್ಪಾಯಿತು.

ಶನಿವಾರ, ಭಾನುವಾರ ಅತ್ತೆಯ ಮನೆಯಲ್ಲಿ ಕಳೆದು, ಸೋಮವಾರ ಬಾಗಲಕೋಟೆಗೆ ವಾಪಸಾಗಲು ನಾನು ಚೀಲ ಹೆಗಲಿಗೆ ಹಾಕಿ ನಿಂತಿದ್ದೆ. ಅಲ್ಲಿ ಲೆಕ್ಕ ಬರೆಯುವ ಕಚೇರಿಯೊಂದರಲ್ಲಿ ನನ್ನ ಕೆಲಸ. ಎರಡು ವರ್ಷದ ಹಿಂದೆ ನನ್ನ ಹಳೆಯ ಕಂಪ್ಯೂಟರನ್ನು ಅತ್ತೆಗೆ ಕೊಟ್ಟು, ಸ್ಪ್ರೆಡ್‌ಶೀಟ್ ಎಂಬ ಚೌಕಗಳ ಹಾಳೆಯಲ್ಲಿ ಕಸೂತಿ ಬಿಡಿಸುವುದನ್ನು ಕಲಿಸಿದವಳೂ ನಾನೇ. ಕಸೂತಿಯೆಂದರೆ ಎಳೆ ಎಣಿಸಿ ಹಾಕುವ ಹೊಲಿಗೆ. ನಾವು ಕಚೇರಿಯಲ್ಲಿ ಜಮೆ ಖರ್ಚು ತುಂಬುವ ಚೌಕಗಳ ಅಂಚಿಗೆ ಅವಳು ಗೆರೆ ಹಾಕುತ್ತಾಳೆ. ಒಂದು ಚೌಕವೆಂದರೆ ಎರಡು ಎಳೆ. ಗೋಪುರ, ಆನೆ, ತೊಟ್ಟಿಲು, ತುಳಸಿಕಟ್ಟೆ ಎಲ್ಲ ಏಳುತ್ತವೆ. ಅವನ್ನು ಕಾಗದಕ್ಕೆ ಇಳಿಸಿ ಹೊಲಿಯುವ ಹೆಂಗಸರಿಗೆ ಕೊಡುತ್ತಾಳೆ. ನನ್ನ ವೃತ್ತಿಯ ಹಾಳೆಯಲ್ಲಿ ನೋಡಲು ಚೆಂದವಾದದ್ದು ಒಂದೂ ಇಲ್ಲವೆಂದು ನನಗೆ ಗೊತ್ತಾದದ್ದು ಅವಳಿಂದ.

ಅಪ್‌ಡೇಟಿನ ಶೇಕಡಾವಾರು ಮೇಲೇರುವುದನ್ನು ಮಾಮಾ ಬಾಗಲಕೋಟೆ–ಇಳಕಲ್ ಬಸ್ಸಿನ ಲೆಕ್ಕಕ್ಕೆ ಇಳಿಸಿ ಹೇಳತೊಡಗಿದರು.

“ನಲವತ್ತು. ಕಮತಗಿ ಬಂತು. ಚಾ ಕುಡಿಯೂದಿದ್ರ ಇಳಿರಿ.”

“ಸುಮ್ನ ಕುಂದರ್ರಿ,” ಅಂದಳು ಅತ್ತೆ.

“ಎಪ್ಪತ್ತು. ಹುನಗುಂದ. ಇಲ್ಲೆ ಡ್ರೈವರ್ ಬದಲಿ.”

ತೊಂಬತ್ತೊಂಬತ್ತಕ್ಕೆ ಬಂದು ಅರ್ಧ ತಾಸು ನಿಂತಿತು. “ಇಳಕಲ್ ಬಂದೈತಿ. ಸ್ಟ್ಯಾಂಡಿನ್ಯಾಗ ಜಾಗಾ ಇಲ್ಲ,” ಅಂದರು ಮಾಮಾ.

ಹನ್ನೊಂದು ಇಪ್ಪತ್ತೈದಕ್ಕೆ ಪರದೆ ಬೆಳಗಿತು. ಅತ್ತೆ ಒಂದು ಸಲ ನೋಡಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು.

“ನನ್ನ ಸೀರಿ ಎಲ್ಲಿ ಹೋತು?”

ಅವಳ ಪದ್ಧತಿಯನ್ನು ಇಲ್ಲಿ ಹೇಳಬೇಕು. ಅತ್ತೆ ಎರಡು ವರ್ಷದಲ್ಲಿ ಒಂದು ಫೈಲಿಗೂ ಹೆಸರಿಟ್ಟವಳಲ್ಲ. ಯಂತ್ರ ತಾನಾಗಿ ಕೊಟ್ಟ ‘ಬುಕ್’ ಎಂಬ ಹೆಸರು ಮತ್ತು ಒಂದು ಅಂಕಿ, ಅಷ್ಟೇ. ಅವಳ ಮಟ್ಟಿಗೆ ಫೈಲಿನ ಹೆಸರೆಂದರೆ ಅದು ಕುಳಿತ ಜಾಗ. ಪರದೆಯನ್ನೇ ಸೀರೆ ಮಾಡಿಕೊಂಡಿದ್ದಳು: ಅಂಚಿನ ವಿನ್ಯಾಸಗಳು ಮೇಲೆ ಕೆಳಗೆ ಸಾಲಾಗಿ, ಒಡಲಿನವು ನಡುವೆ ಅಲ್ಲಲ್ಲಿ, ಸೆರಗಿನವು ಬಲಗಡೆ. ಹೆಸರಿಡು ಎಂದು ನಾನು ಹೇಳಿದಾಗಲೆಲ್ಲ, “ಪಡಸಾಲ್ಯಾಗ ಕುಂತವ್ರ ಹಣಿಮ್ಯಾಲೆ ಹೆಸರ ಬರೀತಿ ಏನು?” ಎನ್ನುತ್ತಿದ್ದಳು. ಈ ಮಾತನ್ನು ನನ್ನ ದಿನಚರಿಯಲ್ಲಿ ಒಂಬತ್ತು ಕಡೆ ಬರೆದಿಟ್ಟಿದ್ದೇನೆ.

ಹೊಸ ಆವೃತ್ತಿ ಅವಳ ಸೀರೆಯನ್ನು ಮಡಚಿಟ್ಟಿತ್ತು. ನೂರಾ ನಲವತ್ಮೂರು ಫೈಲುಗಳು ಎಡಗಡೆಯಿಂದ ಸಾಲಾಗಿ, ಒಂದೇ ಮುಖ ಹೊತ್ತು, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ನಿಂತಿದ್ದವು.

“ಸೆರಗಿನ ಮೂರನೇದು ಬೇಕಾಗೈತಿ ನಂಗ,” ಅಂದಳು ಅತ್ತೆ. “ಅವ್ವನ ನವಲ.”

ಆಗ ನಾನು ಹೆಗಲಿನ ಚೀಲ ಕೆಳಗಿಟ್ಟೆ.

ಅತ್ತೆಯ ಅವ್ವನ, ಅಂದರೆ ಹುನಗುಂದದ ನಮ್ಮ ಅಜ್ಜಿಯ, ಸೀರೆಯೊಂದರ ಸೆರಗಿನಲ್ಲಿ ಒಂದು ಗೋಪುರವಿತ್ತಂತೆ, ಅದರ ಎರಡೂ ಬದಿಗೆ ಒಂದೊಂದು ನವಿಲು. ಎಡಗಡೆಯದು ಎಲ್ಲ ನವಿಲುಗಳಂತೆ ಮುಂದೆ ನೋಡುತ್ತಿತ್ತು. ಬಲಗಡೆಯದು ಕುತ್ತಿಗೆ ತಿರುಗಿಸಿ ಹಿಂದೆ ನೋಡುತ್ತಿತ್ತು. ಆ ಸೀರೆ ಪೂರ್ತಿ ಜೀರ್ಣವಾದ ಮೇಲೆ ಅತ್ತೆ ಅದನ್ನು ಬೇರೆ ಎರಡು ಹಳೆಯ ಸೀರೆಗಳೊಂದಿಗೆ ಪಾತ್ರೆ ಮಾರುವವಳಿಗೆ ಕೊಟ್ಟು ಒಂದು ಸ್ಟೀಲ್ ಡಬ್ಬಿ ಪಡೆದಿದ್ದಳು. ಆಗ ಕಂಪ್ಯೂಟರ್ ಇರಲಿಲ್ಲ, ಸೀರೆಯ ಫೋಟೋವೂ ಇಲ್ಲ. ಹಾಳೆಯಲ್ಲಿ ಬಿಡಿಸಲು ಕಲಿತ ಮೇಲೆ ಅವಳು ನೆನಪಿನಿಂದ ಬಿಡಿಸಿದ ಮೊದಲ ವಿನ್ಯಾಸ ಅದು. ಜಗತ್ತಿನಲ್ಲಿ ಆ ನವಿಲು ಉಳಿದದ್ದು ಆ ಒಂದು ಫೈಲಿನಲ್ಲಿ.

ಈಗ ಬಾದಾಮಿಯ ಒಬ್ಬ ಮದುಮಗಳ ಸೀರೆಗೆ ಅದನ್ನೇ ಹಾಕುವುದಾಗಿತ್ತು. ಒಂದು ಕಾಗದಕ್ಕೆ ಅರ್ಧ ಗೋಪುರ ಮಾತ್ರ ಹಿಡಿಯುವುದರಿಂದ ಎಡ ಅರ್ಧ ಒಂದು ಫೈಲು, ಬಲ ಅರ್ಧ ಇನ್ನೊಂದು. ಎಡ ಅರ್ಧವನ್ನು ಕಮತಗಿಯ ಹೊಲಿಗೆಯವಳು ಆಗಲೇ ಮುಗಿಸಿದ್ದಳು. ಬಲ ಅರ್ಧವನ್ನು ಆ ಸೋಮವಾರ ಕಾಗದಕ್ಕೆ ಇಳಿಸಬೇಕಿತ್ತು. ಬಾದಾಮಿಯವರು ಸೀರೆ ಒಯ್ಯಲು ಬರುವುದು ಶುಕ್ರವಾರ.

“ನಿಮ್ಮವ್ವನ ನವಲ ಆ ಡಬ್ಬಿ ಒಳಗ ಐತಿ ನೋಡು,” ಅಂದರು ಮಾಮಾ. “ಅವಲಕ್ಕಿ ತಿನ್ನಾಕತ್ತೈತಿ.”

ಅತ್ತೆ ನಗಲಿಲ್ಲ. ಮಾಮಾ ಎದ್ದು ಚಹಾ ಮಾಡಲು ಹೋದರು. ಅವರ ಭಾಷೆಯಲ್ಲಿ ಅದು ಕ್ಷಮಾಪಣೆ.

ನಾನು ಕಚೇರಿಗೆ ಎರಡು ದಿನದ ರಜೆ ತಿಳಿಸಿ ಕುಳಿತೆ. ಕೊನೆಗೆ ತಿದ್ದಿದ ದಿನಾಂಕದ ಪ್ರಕಾರ ಫೈಲುಗಳನ್ನು ಸಾಲು ಮಾಡಿದರೆ ಮೊದಲು ಬಿಡಿಸಿದ್ದು ಸಿಕ್ಕೇ ಸಿಗುತ್ತದೆ ಎಂದುಕೊಂಡಿದ್ದೆ. ಸಿಗಲಿಲ್ಲ. ಅತ್ತೆ ಹಳೆಯ ಫೈಲುಗಳನ್ನು ಆಗಾಗ ತೆರೆದು ಸುಮ್ಮನೆ ನೋಡುತ್ತಾಳೆ. ಮುಚ್ಚುವಾಗ, ಉಳಿಸಲೇ ಎಂದು ಯಂತ್ರ ಕೇಳಿದರೆ ಹೂಂ ಎನ್ನುತ್ತಾಳೆ.

“ಏನೂ ಬದಲ ಮಾಡಿಲ್ಲಂದ್ರ ಯಾಕ ಹೂಂ ಅಂತಿ ಅತ್ತಿ?”

“ಪಾಪ, ಕೇಳತೈತಿ. ಬ್ಯಾಡ ಅಂದ್ರ ಚಲೋ ಅನಸೂದಿಲ್ಲ.”

ಹೀಗಾಗಿ ಎಲ್ಲ ಫೈಲುಗಳೂ ಕಳೆದ ಎರಡು ಮೂರು ತಿಂಗಳಲ್ಲಿ ಹುಟ್ಟಿದಂತೆ ತೋರುತ್ತಿದ್ದವು. ಒಂದೊಂದನ್ನೇ ತೆರೆದು ನೋಡುವುದೇ ದಾರಿ. ತೆರೆಯುತ್ತ ಹೋದಂತೆ ಹೊಸ ಸೌಲಭ್ಯಗಳು ಒಂದೊಂದಾಗಿ ಬಂದು ಪರಿಚಯ ಮಾಡಿಕೊಂಡವು. ಮೂಲೆಯೊಂದರಲ್ಲಿ ಹವಾಮಾನ ಕಾಣಿಸಿತು. ನಾವು ಫ್ಯಾನಿನ ಕೆಳಗೆ ಬೆವರುತ್ತಿರುವಾಗ ‘ತುಂತುರು ಮಳೆ’ ಎಂದಿತು, ಯಾವ ಊರಿನದೋ. ಅದರ ಕೆಳಗೆ ಬಂಗಾರದ ಸುದ್ದಿ, ಕ್ರಿಕೆಟ್, ಯಾರೋ ನಟಿಯ ನಾಯಿ. ಎಡ ಮೂಲೆಯಲ್ಲಿದ್ದ ಶುರುವಿನ ಗುಂಡಿ ನಡುವೆ ಬಂದು ಕುಳಿತಿತ್ತು. “ತಲಬಾಗಿಲ ಕಿತ್ತು ನಡಮನ್ಯಾಗ ಹಚ್ಯಾರ,” ಅಂದಳು ಅತ್ತೆ. ಎಲ್ಲಕ್ಕಿಂತ ಅವಳನ್ನು ಕೆಣಕಿದ್ದು ಮೂಲೆಗಳು. ಹಳೆಯದರಲ್ಲಿ ಪ್ರತಿ ಕಿಟಕಿಗೂ ಚೂಪಾದ ನಾಲ್ಕು ಮೂಲೆಗಳಿದ್ದವು. ಹೊಸದರಲ್ಲಿ ಎಲ್ಲವನ್ನೂ ದುಂಡಗೆ ಮಾಡಿದ್ದರು.

“ಮೂಲಿ ಯಾಕ ದುಂಡ ಮಾಡ್ಯಾರ?”

“ಚೆಂದ ಕಾಣಲಿ ಅಂತ.”

“ಎಳಿ ಎಣಸಾಕ ಬರದವ್ರು ಮಾಡೂ ಕೆಲಸ ಇದು.”

ಹೊಸ ಆವೃತ್ತಿಯಲ್ಲಿ ಒಬ್ಬ ಸಹಾಯಕನೂ ಇದ್ದ. ಏನು ಬೇಕಾದರೂ ಕೇಳಿ, ನಿಮ್ಮ ಭಾಷೆಯಲ್ಲೇ ಕೇಳಿ ಎಂದು ಮೇಲಿಂದ ಮೇಲೆ ಇಣುಕುತ್ತಿದ್ದ. ಗೋಪುರದ ಬಲಗಡೆ ಹಿಂದೆ ನೋಡುವ ನವಿಲು ಎಲ್ಲಿದೆ ಎಂದು ನಾನು ಕನ್ನಡದಲ್ಲಿ ಬರೆದು ಕೇಳಿದೆ. ಅವನು ಬಾದಾಮಿ ಮತ್ತು ಮಹಾಕೂಟಕ್ಕೆ ಹೋಗಲು ಸಲಹೆ ಕೊಟ್ಟ. ಬೆಳಗಿನ ಹೊತ್ತು ಒಳ್ಳೆಯದು, ನೀರಿನ ಬಾಟಲಿ ಜೊತೆಗಿರಲಿ ಎಂದೂ ಸೇರಿಸಿದ.

ಮಾಮಾ ಹಿಂದಿನಿಂದ ಬಗ್ಗಿ ಓದಿದರು. “ಇಂವಾ ಬಾದಾಮಿ ಸ್ಟ್ಯಾಂಡಿನ ಗೈಡ ಇರಬೇಕು. ಬಸ್ ಇಳಿಯೂದ ತಡಾ, ಹಿಂಗ ಬೆನ್ನ ಹತ್ತತಾರ.”

ಸಂಜೆ ಆರೂವರೆಗೆ ಎಲ್ಲ ಫೈಲುಗಳನ್ನೂ ನೋಡಿ ಮುಗಿಸಿದೆವು. ಲೆಕ್ಕ ಹೀಗೆ: ಆನೆ ಮೂವತ್ತೊಂದು, ತೊಟ್ಟಿಲು ಹದಿನೆಂಟು, ಖಾಲಿ ಹಾಳೆ ಆರು, ಮಾಮಾ ಕದ್ದು ಬರೆದಿಟ್ಟ ಮನೆಯ ಕರೆಂಟಿನ ಲೆಕ್ಕ ಒಂದು, ತುಳಸಿಕಟ್ಟೆ ಮುಂತಾದ ಚಿಲ್ಲರೆ ಎಂಬತ್ತಮೂರು. ಗೋಪುರದ ಬಲ ಅರ್ಧ ಒಂದಲ್ಲ, ನಾಲ್ಕು.

ನಾಲ್ಕರಲ್ಲೂ ಗೋಪುರ ಒಂದೇ. ನವಿಲಿನ ಕುತ್ತಿಗೆ ಮಾತ್ರ ನಾಲ್ಕು ಥರ.

“ನಾಕ್ಯಾಕ ಅದಾವ?” ನಾನು ಕೇಳಿದೆ.

“ಆಮ್ಯಾಲೆ ಆಮ್ಯಾಲೆ ನೆನಪಾದಂಗ ತಿದ್ದಿ ಬ್ಯಾರೆ ಮಾಡಿಟ್ಟೇನಿ. ಆದ್ರ ಖರೇದ ಮೂರನೇ ಜಾಗಾದಾಗ ಇತ್ತು.”

“ಈಗ ನೋಡಿದ್ರ ಗೊತ್ತಾಗೂದಿಲ್ಲಾ?”

ಅತ್ತೆ ನಾಲ್ಕನ್ನೂ ಮತ್ತೊಮ್ಮೆ ಒಂದೊಂದಾಗಿ ತೆರೆದು ಮುಚ್ಚಿದಳು. ನನಗೂ ಆಗಲೇ ಹೊಳೆದದ್ದು: ಅದು ಮೂರನೇ ಜಾಗದಲ್ಲಿತ್ತು ಎಂಬುದೊಂದೇ ಅದು ಖರೇದು ಎನ್ನುವುದಕ್ಕೆ ಆಧಾರ.

ಮಂಗಳವಾರ ಬೆಳಿಗ್ಗೆ ಕಮತಗಿಯವಳು ಅರ್ಧ ಗೋಪುರದ ಸೀರೆ ಹಿಡಿದು ಬಸ್ಸಿನಲ್ಲಿ ಬಂದಳು. ಹತ್ತು ವರ್ಷದಿಂದ ಅತ್ತೆಯ ಜೊತೆ ಹೊಲಿಯುವವಳು. ಚಪ್ಪಲಿ ಬಿಡುವ ಮೊದಲೇ ಬೈಗುಳ ಶುರುಮಾಡುವಷ್ಟು ಸಲಿಗೆ.

“ಅಕ್ಕಾ, ಶುಕ್ರವಾರ ಬಾದಾಮಿಯವ್ರು ಬಂದ ಮ್ಯಾಲೆ ಅರ್ಧಾ ಗುಡಿ ತೋರಸೂಣೇನು? ಕಟ್ಟಡ ನಡದೈತಿ ಅಂತ ಹೇಳಬೇಕೇನು?”

“ಬಾ, ಕುಂದ್ರು. ನಾಕ ಅದಾವ, ಒಂದ ಆರಸಬೇಕು.”

“ನಾಕ ಯಾಕ? ನವಲ ಮರಿ ಹಾಕ್ತೇನು?”

ಹೊಸ ಆವೃತ್ತಿಯ ಒಂದು ಸೌಲಭ್ಯ ಅಂದು ಕೆಲಸಕ್ಕೆ ಬಂತು. ಕಿಟಕಿಯ ಮೇಲ್ತುದಿಯ ಚೌಕದ ಮೇಲೆ ಬಾಣ ನಿಲ್ಲಿಸಿದರೆ ಪುಟ್ಟ ಖಾನೆಗಳ ನಕ್ಷೆ ಇಳಿಯುತ್ತದೆ. ಒಂದು ಖಾನೆ ಒತ್ತಿದರೆ ಆ ಫೈಲು ಪರದೆಯ ಆ ಭಾಗಕ್ಕೆ ಹೋಗಿ ಕೂಡುತ್ತದೆ. ನಾಲ್ಕು ಫೈಲುಗಳನ್ನು ನಾಲ್ಕು ಮೂಲೆಗೆ ಕೂಡಿಸಿದೆ. ನಾಲ್ಕು ನವಿಲುಗಳು ಒಟ್ಟಿಗೆ ತಿರುಗಿ ನಮ್ಮನ್ನು ನೋಡಿದವು. ಅತ್ತೆ ಮೊದಲ ಸಲ ಹೊಸ ಆವೃತ್ತಿಯ ಬಗ್ಗೆ ಒಳ್ಳೆಯ ಮಾತಾಡಿದಳು: “ಇದೊಂದ ಹೆಂಗಸರು ಮಾಡಿರಬೇಕು.”

ಕಮತಗಿಯವಳು ಬೆರಳಿಂದ ಪರದೆಯ ಮೇಲೆ ಗೆರೆ ಹಿಡಿದು ಹೋದಳು. ಕಸೂತಿಯಲ್ಲಿ ಗಂಟು ಹಾಕುವುದಿಲ್ಲ. ದಾರ ಹೋದ ದಾರಿಯಲ್ಲೇ ವಾಪಸು ಬಂದು ಬಿಟ್ಟ ಜಾಗ ತುಂಬಬೇಕು. ಹಿಂದೆ ಮುಂದೆ ಒಂದೇ ಥರ ಕಾಣಬೇಕು. ಕೆಳಗಿನ ಎರಡು ನವಿಲುಗಳ ತುರಾಯಿ ತಲೆಗೆ ಅಂಟದೆ ಒಂದು ಚೌಕ ದೂರ ನಿಂತಿತ್ತು.

“ಇವಕ್ಕ ಗಂಟ ಹಾಕಬೇಕಾಗತೈತಿ. ನಿಮ್ಮವ್ವ ಹಾಕ್ತಿದ್ಳೇನ?”

“ಅವ್ವ ಗಂಟ ಹಾಕಿದ್ದ ನಾ ನೋಡೇ ಇಲ್ಲ,” ಅಂದಳು ಅತ್ತೆ. ಆ ಎರಡನ್ನೂ ತಾನೇ ಮುಚ್ಚಿದಳು. ಉಳಿಸಲೇ ಎಂದು ಯಂತ್ರ ಕೇಳಿದ್ದಕ್ಕೆ ಹೂಂ ಅಂದಳು.

ಉಳಿದದ್ದು ಎರಡು. ಗೆರೆ ಚೌಕದಿಂದ ಚೌಕಕ್ಕೆ ಏರುತ್ತ ಒಂದರ ಕುತ್ತಿಗೆ ಮೂರು ಮೆಟ್ಟಿಲು ಹತ್ತಿ ತಿರುಗುತ್ತದೆ, ಇನ್ನೊಂದರದು ನಾಲ್ಕು. ಹೊಲಿದು ಮುಗಿದ ಎಡಗಡೆಯ ನವಿಲು ಮುಂದೆ ನೋಡುವುದರಿಂದ ಅದು ಸಾಕ್ಷಿ ಹೇಳಲಾರದು. ಮಾಮಾ ನಡುಮನೆಯಲ್ಲಿ ನಿಂತು, ಬಸ್ಸು ತಪ್ಪಿಸಿಕೊಂಡವನು ಹೇಗೆ ತಿರುಗಿ ನೋಡುತ್ತಾನೆಂದು ಕುತ್ತಿಗೆ ಹೊರಳಿಸಿ ತೋರಿಸಿದರು. ನಾಲ್ಕು ಮೆಟ್ಟಿಲಿನದು ನವಿಲು, ಮೂರಿನದು ಕೋಳಿ ಎಂಬುದು ಅವರ ತೀರ್ಪು. ಕಮತಗಿಯವಳು ಸೀರೆಯನ್ನು ತೊಡೆಯ ಮೇಲೆ ಹರಡಿಕೊಂಡು ಕಾದಳು.

“ಅಕ್ಕಾ, ಎರಡೂ ಚಂದ ಅದಾವ. ನಿಮ್ಮವ್ವನ ನವಲ ಈಗ ಯಾರು ನೋಡ್ಯಾರ? ಯಾವ್ದರ ಒಂದ ಹೇಳು.”

“ನಾ ನೋಡೇನಲ್ಲ,” ಅಂದಳು ಅತ್ತೆ. ಪರದೆಯ ಹತ್ತಿರಕ್ಕೆ ಬಗ್ಗಿ, “ನೋಡೇನಿ, ಖರೆ. ಎಣಿಸಿಲ್ಲ.”

ಎರಡೂ ಕುತ್ತಿಗೆಗಳ ಮೆಟ್ಟಿಲುಗಳನ್ನು ಅವಳು ಎರಡೆರಡು ಸಲ ಎಣಿಸಿದಳು. ಕಡೆಗೆ ಅತ್ತೆ ಮೂರು ಮೆಟ್ಟಿಲಿನದರ ಮೇಲೆ ಬೆರಳಿಟ್ಟಳು. ಮಾಮಾ ಚಹಾ ಮಾಡಲು ಹೋದರು. ಕಾಗದ ಹೊರಬಂತು. ಕಮತಗಿಯವಳು ಅದನ್ನು ಮಡಚಿ ಕುಪ್ಪಸದಲ್ಲಿಟ್ಟುಕೊಂಡು ಹನ್ನೆರಡರ ಬಸ್ಸು ಹಿಡಿದಳು.

ಶುಕ್ರವಾರ ಬಾದಾಮಿಯವರು ಬಂದದ್ದನ್ನು ಮಾಮಾ ಫೋನಿನಲ್ಲಿ ಹೇಳಿದರು. ಐವರು ಬಂದರಂತೆ. ಬಣ್ಣ ನೋಡಿದರು, ಅಂಚು ತಿಕ್ಕಿ ನೋಡಿದರು, ಭಾಳ ಚಲೋ ಆಗೈತಿ ಅಂದರು. ನವಿಲಿನ ಕುತ್ತಿಗೆಯ ಬಗ್ಗೆ ಒಬ್ಬರೂ ಕೇಳಲಿಲ್ಲ. ಅತ್ತೆಗೆ ಸಮಾಧಾನವಾಗಿದೆಯೋ ಸಿಟ್ಟು ಬಂದಿದೆಯೋ ತಿಳಿಯುತ್ತಿಲ್ಲ ಎಂದರು ಮಾಮಾ.

ಮುಂದಿನ ಶನಿವಾರ ನಾನು ಹೋದಾಗ ಪರದೆ ಮತ್ತೆ ಸೀರೆಯಾಗಿತ್ತು. ಅಂಚು, ಒಡಲು, ಸೆರಗು ಎಲ್ಲ ಸ್ವಸ್ಥಾನಕ್ಕೆ ಬಂದಿದ್ದವು. ಫೈಲುಗಳು ಎಂದಿನಂತೆ ಅನಾಮಿಕ. ಸೆರಗಿನ ಮೂರನೇ ಜಾಗದಲ್ಲಿ ಮಾತ್ರ ಎರಡು ಫೈಲುಗಳು ಒತ್ತಿಕೊಂಡು ಕುಳಿತಿದ್ದವು, ಎರಡಕ್ಕೂ ಹೆಸರಿತ್ತು. ಕನ್ನಡ ಅಕ್ಷರ ಮೂಡಿಸುವುದನ್ನು ಯಾರಿಂದ ಕೇಳಿ ಕಲಿತಳೋ. ಒಂದು ‘ಅವ್ವಂದು ಇರಬೇಕು’. ಇನ್ನೊಂದು ‘ಇದೂ ಇರಬಹುದು’. ನಾಲ್ಕು ಮೆಟ್ಟಿಲಿನ ನವಿಲನ್ನು ಅವಳು ತಲೆದಿಂಬಿನ ಚೀಲವೊಂದಕ್ಕೆ ಹೊಲಿಯತೊಡಗಿದ್ದಳು. ಅದರ ಮೇಲೆ ಮಲಗುವ ಅಧಿಕಾರ ಯಾರದೆಂದು ಮಾಮಾ ಇನ್ನೂ ಕೇಳಿಲ್ಲ.

ಆದ್ದರಿಂದ ಓದುಗರಲ್ಲಿ ಕೇಳುವುದು ಇಷ್ಟು. ಹುನಗುಂದ, ಕಮತಗಿ ಕಡೆಯ ಯಾರದಾದರೂ ಮನೆಯ ಟ್ರಂಕಿನಲ್ಲಿ, ಗೋಪುರದ ಬಲಬದಿಗೆ ಹಿಂದೆ ನೋಡುವ ನವಿಲಿರುವ ಹಳೆಯ ಸೆರಗು ಇದ್ದರೆ, ದಯವಿಟ್ಟು ಅದನ್ನು ಬೆಳಕಿಗೆ ಹಿಡಿದು, ಕುತ್ತಿಗೆ ಎಷ್ಟು ಮೆಟ್ಟಿಲು ಹತ್ತಿ ತಿರುಗುತ್ತದೆ ಎಂದು ಎಣಿಸಿ ಬರೆಯಿರಿ. ಡಬ್ಬಿಗೆ ಕೊಟ್ಟಿದ್ದರೆ ನೆನಪಿನಿಂದ ಬರೆಯಬೇಡಿ. ಆ ಥರದವು ನಮ್ಮಲ್ಲಿ ಈಗಾಗಲೇ ನಾಲ್ಕಿವೆ.