ಮೇಲಿನ ಡಬ್ಬ ಮೊದ್ಲು

ನಂಬಬ್ಯಾಡ್ರಿ. ಹಿರಿಯೂರಾಗೆ ನನ್ನ ಮಾತು ನಂಬಿ ಉದ್ಧಾರ ಆದೋರು ಯಾರೂ ಇಲ್ಲ. ತಾಕತ್ತಿದ್ರೆ ಇದ್ರಾಗೆ ಸುಳ್ಳು ಯಾವ್ದು ಹಿಡೀರಿ, ನೋಡಾಣ.

ನಮ್ಮಣ್ಣಂಗೆ ಗಂಟಲಾಗೆ ಗಡ್ಡೆ ಆಗಿ, ಡಾಕ್ಟ್ರು ಧ್ವನಿಪೆಟ್ಟಿಗೆನೇ ತೆಗೀಬೇಕು ಅಂದ್ರು. ಆಮೇಲೆ ಕತ್ತಿನ ತೂತಿಗೆ ಒಂದು ನಳಿಗೆ, ಉಸಿರೆಲ್ಲ ಅದ್ರಾಗೆ. ಆಪರೇಷನ್ನಿಗೆ ಮುಂಚೆ ನಾನು ಅವನನ್ನ ಮೈಕಿನ ಮುಂದೆ ಕುಂದ್ರಿಸಿ, ದಿನಾ ಬೇಕಾಗೋ ಮಾತೆಲ್ಲ ಹೇಳಿಸ್ಕಂಡೆ. ‘ನೀರು ಕೊಡ್ರಿ’, ‘ಫ್ಯಾನ್ ಹಾಕ್ರಿ’, ನನಗಂತ್ಲೇ ‘ಲೇ, ಬಾರಲೇ ಇಲ್ಲಿ’. ಹಾಸಿಗೆ ಪಕ್ಕ ಒಂದು ಹಳೇ ವಿಂಡೋಸ್ ಕಂಪ್ಯೂಟ್ರು. ಮೌಸು ಒತ್ತಿದ್ರೆ ಅಣ್ಣನ ದನಿ ಮನೆಯೆಲ್ಲ ಕೇಳೋದು.

ಆ ಕಂಪ್ಯೂಟ್ರು ಎರಡು ಸಲ ಫೈಲು ನುಂಗಿ ಕುಂತಿತ್ತು. ಅದಕ್ಕೇ ಮಹಡಿ ಮೇಲೆ ಲಿನಕ್ಸ್ ಹಾಕಿದ ಇನ್ನೊಂದು ಕಂಪ್ಯೂಟ್ರು ಡಬ್ಬ ಇಟ್ಟು, ಮಾತೆಲ್ಲ ಅದ್ರಾಗೆ ತುಂಬಿ, ಕೆಳಗಿಂದಕ್ಕೆ ವೈರೆಳೆದಿದ್ದೆ. ಜಾತಿ ಸೇರದ ಮಿಷನ್ನುಗಳು, ಒಂದೇ ಪಂಕ್ತಿಗೆ ಕುಂದ್ರಿಸಾಕೆ ನನ್ನಂಥೋನೇ ಬೇಕು. ಹೆಸರು ಹಿಡಿದು ಕರೆದ್ರೆ ಒಂದಕ್ಕೊಂದು ಸಿಗ್ತಿರ್ಲಿಲ್ಲ, ನಂಬರ್ ಹಿಡಿದೇ ಹುಡುಕಬೇಕು. ನಂಬರ್ ಹಂಚೋದು ರೂಟರ್ರು. ಯಾವ್ದು ಮೊದ್ಲು ಎದ್ದು ಕೇಳ್ತತೋ ಅದಕ್ಕೆ ಮೊದಲ್ನೇ ನಂಬರ್ರು. ಅಣ್ಣನ ಮಾತು ಮೊದಲ್ನೇ ನಂಬರ್ನಾಗೆ ಹುಡುಕು ಅಂತ ಕೆಳಗಿಂದಕ್ಕೆ ಹೇಳಿಟ್ಟಿದ್ದೆ. ಹಂಗಾಗಿ ಮನೇಲಿ ನಂದೊಂದು ಕಾನೂನು: ಕರೆಂಟ್ ಹೋಗಿ ಬಂದ್ರೆ ಮೇಲಿನ ಡಬ್ಬ ಮೊದ್ಲು, ಮಿಕ್ಕಿದ್ದೆಲ್ಲ ಆಮೇಲೆ.

ಒಂದ್ಸಲ ‘ನೀರು’ ಇದ್ದ ಜಾಗಕ್ಕೆ ಕುರಿ ಅರಚೋದು ಹಾಕಿದ್ದೆ. ಅಣ್ಣ ಒತ್ತಿದ, ‘ಬ್ಯಾ’ ಅಂತು. ಅತ್ತಿಗೆ ಅಡುಗೆಮನೆಯಿಂದ ಕೊತ್ತಂಬ್ರಿ ಕಟ್ಟು ತಂದು ಮುಂದಿಟ್ರು.

“ಮೇಯ್ರಿ. ನಿಮ್ ತಮ್ಮಂಗೂ ಒಂಚೂರು ಉಳಿಸ್ರಿ.”

ದನಿ ಇಲ್ದ ಅಣ್ಣನ ನಗೆ ಅಂದ್ರೆ ಎರಡೂ ಭುಜ ಅಲ್ಲಾಡೋದು, ಅಷ್ಟೇ. ಅವತ್ತು ಮಂಚನೂ ಅಲ್ಲಾಡ್ತು.

ಆಯುಧಪೂಜೆ ಬಂತು. ಕುಡುಗೋಲು, ಈಳಿಗೆಮಣೆ, ಸ್ಕೂಟರ್ ಜತೆಗೆ ಕಂಪ್ಯೂಟ್ರು, ರೂಟರ್ ಎಲ್ಲ ಆಫ್ ಮಾಡಿ ವಿಭೂತಿ, ಕುಂಕುಮ ಹಚ್ಚಿ ಹೂವಿಟ್ವಿ. ಮಂಗಳಾರತಿ ಆದ್ಮೇಲೆ ನಾನು ರೂಟರ್ ಹಾಕಿ, ಮಹಡಿ ಹತ್ತಿ ಡಬ್ಬ ಹಾಕಿ ಇಳಿದೆ. ಅಷ್ಟರಾಗೆ ಅತ್ತಿಗೆ ಅಣ್ಣನ ಕಂಪ್ಯೂಟ್ರು ಹಾಕಿಬಿಟ್ಟಿದ್ದು ನನಗೆ ಗೊತ್ತಿಲ್ಲ. ಇಬ್ರೂ ಬೂದುಗುಂಬಳ ಒಡಿಯಾಕೆ ಬೀದಿಗೆ ಹೋದ್ವಿ. ಪಕ್ಕದ ಮನೆಯೋರ ಜತೆ ನಂದು ಬೊಗಳೆ ಬೇರೆ.

ಒಳಗೆ ಅಣ್ಣನ ನಳಿಗೆಗೆ ಕಫ ಕಟ್ಟಿತ್ತು. ಒತ್ತಿದಾನೆ, ದನಿ ಹೊಂಟಿಲ್ಲ. ಡಬ್ಬದ ನಂಬರ್ ಅವನ ಕಂಪ್ಯೂಟ್ರಿಗೇ ಬಂದಿತ್ತಲ್ಲ, ಅದು ಅಣ್ಣನ ಮಾತನ್ನ ತನ್ನ ಹೊಟ್ಟೆಯಾಗೇ ಹುಡುಕ್ತಿತ್ತು. ನಾನು ಬಂದಾಗ ತುಟಿ ನೀಲಿ. ಕೈ ಮೌಸಿನ ಮೇಲೇ ಇತ್ತು.

ಕಫ ಎಳೆದೆ. ಉಸಿರು ಬಂತು, ಅಣ್ಣ ಪೂರ್ತಿ ಬರಲಿಲ್ಲ. ಕಾರಾಗೆ ಮಲಗಿಸ್ಕಂಡು ದುರ್ಗದ ಆಸ್ಪತ್ರೆಗೆ ಹೊರಟ್ವಿ. ಐಮಂಗಲದ ಹತ್ರ ಕೇಳಿದೆ.

“ಅತ್ತಿಗೆಮ್ಮ, ಕೆಳಗಿಂದ್ಯಾಕೆ ಮೊದ್ಲು ಹಾಕಿದ್ರಿ?”

“ಪೂಜೆ ದಿನ ಹಿರೇರದ್ದು ಬಿಟ್ಟು ನಿನ್ನ ಡಬ್ಬ ಮೊದ್ಲು ಹಾಕ್ಲೇನಪ್ಪ?”

 

ಡಬ್ಬಕ್ಕೆ ಖಾಯಂ ನಂಬರ್ ಬರೆಯೋದು ಚಾ ಆರೋದ್ರೊಳಗೆ ಮುಗಿಯೋ ಕೆಲಸ. ಬಟ್ಟೆ ಒಯ್ಯಾಕೆ ಮನೆಗೆ ಬಂದಾಗ ಬರೆದೆ. ಕೆಳಗಿಳಿದು ಒತ್ತಿ ನೋಡಿದೆ. ‘ಲೇ, ಬಾರಲೇ ಇಲ್ಲಿ’ ಅಂತು. ಮಂಚ ಖಾಲಿ. ಬಟ್ಟೆ ಗಂಟು ಹಿಡ್ಕಂಡು ಓಡಿದೆ.

ಅಣ್ಣ ಮನೆಗೆ ಬರಲಿಲ್ಲ. ಕೊನೇ ಮಧ್ಯಾಹ್ನ ಅವನ ಕಿವಿ ಹತ್ರ ಬಗ್ಗಿ ‘ಬ್ಯಾ’ ಅಂತ ಅರಚಿದೆ. ನರ್ಸಮ್ಮ, “ಏನ್ರಿ ಯಜಮಾನ್ರೆ, ಬುದ್ಧಿ ಐತಾ?” ಅಂತ ಬೈದ್ರು. ಅಣ್ಣ ಕಣ್ಣು ಬಿಟ್ಟ. ಎರಡೂ ಭುಜ ಅಲ್ಲಾಡಿದ್ವು.

ಹಿಡಿದ್ರಾ? ನಾನು ಅರಚಿದ್ದು ನಿಜ, ಬೈಸ್ಕಂಡಿದ್ದು ನಿಜ, ಕಣ್ಣು ಬಿಟ್ಟಿದ್ದೂ ನಿಜ. ಭುಜ ಅಲ್ಲಾಡಿದ್ದೊಂದು ನಾನು ಸೇರಿಸಿದ್ದು.