ಬೆಲ್ಲದ ಮೇಲೆ ನಿಂತ ಕಾರು

ಬಾಪುಸಾಹೇಬರು ಏಕಸಂಬಿಯಲ್ಲಿ ನಮ್ಮ ಪಕ್ಕದ ಮನೆಯವರು. ಜೈನರು. ಹೊತ್ತು ಮುಳುಗುವ ಮೊದಲೇ ಉಣ್ಣುತ್ತಾರೆ. ಇರುವೆ ತುಳಿಯುವುದಿಲ್ಲ. ಮಂದಿಯ ಮಾತು ಕೇಳುವುದಿಲ್ಲ. ಅರವತ್ತೆರಡು ವರ್ಷ ಹೀಗೇ ನಡೆದಿದೆ.

ಮನೆಯ ಯಾವ ರಿಪೇರಿಗೂ ಅವರು ಆಳು ಕರೆಯುವುದಿಲ್ಲ. ಮೊಬೈಲಿನಲ್ಲಿ ಮರಾಠಿ ವಿಡಿಯೋ ನೋಡಿ ತಾವೇ ಮಾಡುತ್ತಾರೆ. ಒಮ್ಮೆ ನಲ್ಲಿ ಸುಧಾರಿಸಿದರು. ಅವತ್ತಿನಿಂದ ಅಡುಗೆಮನೆಯ ನಲ್ಲಿ ತಿರುವಿದರೆ ಬಚ್ಚಲಲ್ಲಿ ನೀರು ಬರುತ್ತದೆ. ಅವರ ಹೆಂಡತಿ ಕಮಲಾಬಾಯಿ ಇಲ್ಲಿ ನಲ್ಲಿ ತಿರುವಿ, ಕೊಡ ಹಿಡಿದು ಅಲ್ಲಿಗೆ ಓಡುತ್ತಾಳೆ. ಅವಳು ಬೈದರೆ ಇವರು, “ನೀರ ಬರ್ತೈತಿಲ್ಲೋ?” ಅನ್ನುತ್ತಾರೆ.

ಅವರು ಕೇಳುತ್ತಿದ್ದದ್ದು ಒಬ್ಬರ ಮಾತು ಮಾತ್ರ. ನಮ್ಮವರದು. ಅದೂ ಜಗಳ ಮಾಡಿ ಕೇಳುತ್ತಿದ್ದರು.

ನಮ್ಮವರು, ಮುರಗೆಪ್ಪ, ಮೂವತ್ತು ವರ್ಷ ಕಬ್ಬಿನ ಟ್ರಕ್ಕು ಓಡಿಸಿದವರು. ಗಾಡಿಯ ಕೆಳಗೆ ಹೋಗುವುದೆಂದರೆ ಬಹಳ ಅಂಜುತ್ತಿದ್ದರು. ಅಂಜುಬುರುಕ ಅಂದರೆ ಸಿಟ್ಟು. “ಅಂಜಿಕಿ ಅಲ್ಲಲೇ, ಶಾಣ್ಯಾತನ” ಅನ್ನುತ್ತಿದ್ದರು. ಜಾಕು ಎತ್ತುವುದಕ್ಕೆ ಇದೆ, ಹೊತ್ತು ನಿಲ್ಲುವುದಕ್ಕಲ್ಲ ಎಂಬುದು ಅವರ ಮಾತು. ಎತ್ತಿದ ಮೇಲೆ ಕೆಳಗೆ ಕಬ್ಬಿಣದ ಸ್ಟ್ಯಾಂಡು ಇಡಬೇಕು. ಅದಕ್ಕೆ ನಮ್ಮ ಕಡೆ ಘೋಡಿ ಅನ್ನುತ್ತಾರೆ. ಚಿಕ್ಕೋಡಿಯಲ್ಲಿ ಎರಡು ಘೋಡಿ ಮಾಡಿಸಿ ಹಸಿರು ಬಣ್ಣ ಬಳಿದಿದ್ದರು.

ಬೇಕಾದಾಗ ಬಾಪುಸಾಹೇಬರು ನಡುವಿನ ಗೋಡೆಯ ಮೇಲಿಂದ ಕೂಗುತ್ತಿದ್ದರು, “ಮುರಗ್ಯಾ, ಘೋಡಿ ಕೊಡಲೇ.” ನಮ್ಮವರು ಹೊತ್ತುಕೊಂಡು ಹೋಗಿ, ತಾವೇ ಇಟ್ಟು, ಕಾರನ್ನು ಎರಡೂ ಕೈಯಿಂದ ಅಲ್ಲಾಡಿಸಿ ನೋಡಿ, “ಈಗ ಸಾಯಿ ಒಳಗ” ಅನ್ನುತ್ತಿದ್ದರು.

ನಮ್ಮವರು ಹೋಗಿ ಎಂಟು ತಿಂಗಳಾಯಿತು. ಗಾಡಿಯ ಕೆಳಗಲ್ಲ. ಊಟ ಮಾಡಿದರು, ಕೈ ತೊಳೆದರು, ಖುರ್ಚಿಯಲ್ಲಿ ಕೂತರು, ಹೋದರು. ಅವರ ಸಾಮಾನಿನ ಖೋಲಿಗೆ ಬೀಗ ಹಾಕಿದೆ. ಮತ್ತೆ ತೆಗೆಯಲಿಲ್ಲ. ಗೋಡೆಯ ಮೇಲಿಂದ ಯಾರೂ ಕೂಗಲೂ ಇಲ್ಲ.

ಮಳೆಗಾಲ ಶುರುವಾಗಿ ಮಿರಗದ ಮಳೆ ಎರಡು ದಿನ ಹೊಡೆದು ಬಿಟ್ಟಿತ್ತು. ಬಾಪುಸಾಹೇಬರ ಹಳೆಯ ಬಿಳಿ ಕಾರಿನ ಸೈಲೆನ್ಸರ್ ಸಡಿಲಾಗಿ ಊರೆಲ್ಲ ಕೇಳುವಂತೆ ಒದರುತ್ತಿತ್ತು. ಬಸದಿಯಲ್ಲಿ ಪೂಜೆಗೆ ಕೂತವರು ತಿರುಗಿ ನೋಡುತ್ತಾರೆ ಎಂದು ಕಮಲಾಬಾಯಿ ಕಾರು ಹತ್ತುವುದು ಬಿಟ್ಟಿದ್ದಳು.

ಬೆಳಿಗ್ಗೆ ಅರಿವೆ ಒಣಹಾಕುತ್ತ ಗೋಡೆಯ ಆಚೆ ನೋಡಿದೆ. ಕಾರಿನ ಕೆಳಗಿಂದ ಎರಡು ಕಾಲು ಹೊರಗೆ ಬಂದಿದ್ದವು. ಕಾರನ್ನು ಸಪಾಟು ಫರಸಿಯ ಮೇಲೆ ನಿಲ್ಲಿಸಿದ್ದರು, ಅದು ಸರಿ. ಮುಂದಿನ ಗಾಲಿಗೆ ಕಲ್ಲು ಕೊಟ್ಟಿದ್ದರು, ಅದೂ ಸರಿ. ಹಿಂದಿನ ಗಾಲಿ ಗೇಣು ಮೇಲಿದ್ದವು. ಜಾಕು ತೆಗೆದು ಬದಿಗಿಟ್ಟಿದ್ದರು. ಘೋಡಿ ಇರಬೇಕಾದಲ್ಲಿ ಈ ಕಡೆ ಎರಡು, ಆ ಕಡೆ ಎರಡು ಬೆಲ್ಲದ ಪೆಂಟಿ ಇದ್ದವು. ಹತ್ತತ್ತು ಕಿಲೋದವು. ಅವರದೇ ಗಾಣದ ಬೆಲ್ಲ. ಬೆವರಿ ಹೊಳೆಯುತ್ತಿತ್ತು.

ಕೆಳಗಿಂದ ಮಾತು ಕೇಳಿಸಿತು. “ಸರೀರೆಪಾ, ಸರೀರಿ. ಹಂಗ ಹೋಗ್ರಿ.”

“ಬಾಪುಸಾಹೇಬ್ರ, ಯಾರ ಜೋಡಿ ಮಾತಾಡಾಕತ್ತೀರಿ?” ಅಂದೆ.

ಕಾಲುಗಳು ಹೇಳಿದವು, “ಇರುವಿ ಜೋಡಿ ರೀ ವೈನಿ. ಕಾಗದದಾಗ ಎತ್ತಿ ಎತ್ತಿ ದೂರ ಬಿಟ್ಟೆ. ಮತ್ತ ಬರಾಕತ್ತಾವ. ಯಾಕ ಬರ್ತಾವೋ ತಿಳೀವಲ್ದು.”

“ಕಾರಿಗೆ ಬೆಲ್ಲ ಯಾಕ ಕೊಟ್ಟೀರಿ?”

“ಇಟ್ಟಂಗಿ ಇಡಬ್ಯಾಡ, ಪುಡಿ ಆಗ್ತೈತಿ ಅಂತ ಮುರಗ್ಯಾ ನೂರ ಸಲ ಹೇಳಿದ್ದ. ಬೆಲ್ಲದ ಸುದ್ದಿ ಏನೂ ಹೇಳಿರಲಿಲ್ಲ. ಸಂಕ್ರಾಂತಿಗೆ ಒಂದ ಪೆಂಟಿ ಒಡ್ಯಾಕ ನಮ್ಮಾಕಿ ಕೊಡ್ಲಿ ತಗೊಂಡಾಳ್ರಿ. ಕಲ್ಲ ಐತಿ, ಕಲ್ಲ!”

ಅದು ಸಂಕ್ರಾಂತಿಯ ಮಾತು. ಮಳೆಗಾಲದ ಬೆಲ್ಲ ಬೇರೆ, ನೀರೊಡೆದು ಮೆತ್ತಗಾಗುತ್ತದೆ. ಡಬ್ಬಿ ಮುಚ್ಚುವ ಹೆಂಗಸರಿಗೆ ಗೊತ್ತು.

ಚೀರಿದರೆ ಬೆಚ್ಚಿ ಕಾರಿಗೆ ತಲೆ ಬಡಿಸಿಕೊಳ್ಳುತ್ತಾರೆ. ಹೊರಗೆ ಬರ್ರಿ ಅಂದರೆ ಇನ್ನೂ ಒಳಗೆ ಹೋಗುತ್ತಾರೆ. ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ. ಒದ್ದೆ ಸೀರೆ ಅಲ್ಲೇ ಬಿಟ್ಟು ಅವರ ಅಂಗಳಕ್ಕೆ ಹೋಗಿ ಕಾಲುಗಳ ಮುಂದೆ ಕೂತೆ.

“ಬಾಪುಸಾಹೇಬ್ರ, ನಮ್ಮವರು ಹೋಗೂ ಮುಂದ ನಿಮಗೊಂದ ಮಾತ ಹೇಳ ಅಂದಿದ್ರು.”

ನಟ್ಟಿಗೆ ಪಾನಾ ತಿರುವುವ ಸಪ್ಪಳ ನಿಂತಿತು.

“ಏನ ಅಂದಿದ್ದಾ?”

“ಕಾಲಿಗೆ ಹೇಳೂ ಮಾತಲ್ರಿ ಅದು. ಮಾರಿಗೆ ಹೇಳೂದು.”

“ಅಲ್ಲಿಂದನ ಹೇಳ್ರಿ, ಕೇಳಸ್ತೈತಿ.”

“ಇರ್ಲಿ ಬಿಡ್ರಿ. ಎಂಟ ತಿಂಗಳಾತು, ಇನ್ನೊಂದ ಎಂಟ ತಿಂಗಳ ಆಗ್ಲಿ.” ಎದ್ದೆ.

“ನಿಂದರ್ರಿ, ನಿಂದರ್ರಿ! ಬಂದೆ.”

“ಸಾವಕಾಶ ಬರ್ರಿ. ಕಾರ ಮುಟ್ಟಬ್ಯಾಡ್ರಿ. ಅಂಗಿಗೆ ಎಣ್ಣಿ ಹತ್ತಿದ್ರ ಕಮಲಕ್ಕ ಬಿಡಾಂಗಿಲ್ಲ.”

ಸಾವಿಗಿಂತ ಅವರು ಕಮಲಾಬಾಯಿಗೆ ಹೆಚ್ಚು ಅಂಜುತ್ತಾರೆ. ಮೈ ಎಳೆದುಕೊಂಡು ಮೆಲ್ಲಗೆ ಬಂದರು. ಮೊದಲು ಮೊಣಕಾಲು, ಆಮೇಲೆ ಹೊಟ್ಟೆ, ಆಮೇಲೆ ಎದೆ. ಮೀಸೆ ಕಂಡ ಮೇಲೆ ನಾನು ಉಸಿರು ಬಿಟ್ಟೆ. ಮೀಸೆಯಲ್ಲಿ ಒಂದು ಇರುವೆ ಇತ್ತು.

“ಹೇಳ್ರಿ” ಅಂದರು. ಕಣ್ಣು ಆಗಲೇ ಒದ್ದೆಯಾಗಿದ್ದವು.

ಸುಳ್ಳು ಶುರು ಮಾಡಿದ್ದೆ, ಮುಗಿಸುವುದು ಯೋಚಿಸಿರಲಿಲ್ಲ. ಬಾಯಿಗೆ ಬಂದದ್ದು ಅಂದೆ, “ಒಳಗ ಹೋಗೂ ಮೊದಲ ಕಾರ ಅಲ್ಲಾಡಿಸಿ ನೋಡಂತ ಬಾಪೂಗ ಹೇಳ, ಅಂದ್ರು.”

“ಇಷ್ಟ?”

“ಇಷ್ಟ.”

“ಸಾಯೂ ಹೊತ್ತಿನ್ಯಾಗೂ ನನ್ನ ಮ್ಯಾಲ ಸಂಶೇ ಅವಗ!” ಸಿಟ್ಟಿನಿಂದ ಎದ್ದರು. “ಬರ್ರಿ, ಅವನ ಪರವಾಗಿ ನೀವ ನೋಡ್ರಿ.”

ಕಾರಿನ ಹಿಂಬದಿಗೆ ಕೈ ಕೊಟ್ಟು ನೂಕಿದರು. ಏನೂ ಆಗಲಿಲ್ಲ. ಮುಖ ಅರಳಿತು. “ನೋಡಿದ್ರ್ಯಾ?” ಎನ್ನುತ್ತ ಎರಡನೇ ಸಲ ನೂಕಿದರು. ಎಡಗಡೆಯ ಬೆಲ್ಲ ಸದ್ದಿಲ್ಲದೆ ಜಾರಿತು. ಕಾರು ಧಡ್ ಅಂತ ಕೂತಿತು. ಅವರ ಎದೆ ಇದ್ದ ಜಾಗದಲ್ಲಿ ಈಗ ಎದೆ ಹಿಡಿಸುವಷ್ಟು ಸಂದು ಇರಲಿಲ್ಲ.

ಬಚ್ಚಲಿಂದ ಕೊಡ ಹಿಡಿದುಕೊಂಡೇ ಕಮಲಾಬಾಯಿ ಓಡಿ ಬಂದಳು. “ಯಾರ ಬಿದ್ರು, ಸೀತಕ್ಕಾ?”

“ಯಾರೂ ಬಿದ್ದಿಲ್ಲ. ನಿನ್ನ ಹೋಳಿಗಿ ಬೆಲ್ಲ ಬಿತ್ತು.”

“ನನ್ನ ಬೆಲ್ಲ!” ಅಂದಳು. ಆಮೇಲೆ ಕಾರು ನೋಡಿದಳು, ಗಂಡನ ಅಂಗಿ ನೋಡಿದಳು. ತಿಳಿಯಿತು. ಕೊಡ ತೊಡೆಯ ಮೇಲಿಟ್ಟುಕೊಂಡು ನೆಲಕ್ಕೆ ಕೂತಳು. ಮೊದಲು ಮರಾಠಿಯಲ್ಲಿ ಬೈದಳು, ಸಾಲದೆ ಕನ್ನಡದಲ್ಲಿ ಬೈದಳು. “ಘೋಡಿ ಪಕ್ಕದ ಮನ್ಯಾಗ ಅದಾವ. ಕೇಳಿದ್ರ ನಿಮ್ಮ ಬಾಯಿ ಸವೀತಿತ್ತೇನ್ರಿ?”

ಬಾಪುಸಾಹೇಬರು ಇರುವೆ ನೋಡುತ್ತ ನಿಂತರು. “ಮುರಗ್ಯಾ ಇಲ್ಲ. ಯಾರನ್ನ ಕೇಳೂದು? ವೈನಿನ ಕೇಳಿದ್ರ ಅವರ ಆ ಖೋಲಿ ತಗೀಬೇಕು. ತಗೀರಿ ಅಂತ ನಾ ಹೆಂಗ ಅನ್ನಲಿ?”

ಮನೆಗೆ ಬಂದೆ. ಬೀಗ ಜಂಗು ಹಿಡಿದಿತ್ತು. ಕೊಬ್ಬರಿ ಎಣ್ಣೆ ಬಿಟ್ಟೆ. ಘೋಡಿಗಳು ಬಾಗಿಲ ಹಿಂದೆಯೇ ಇದ್ದವು. ಒಂದರ ಮೇಲೆ ನಮ್ಮವರು ಕೈ ಒರೆಸುವ ಅರಿವೆ ಇತ್ತು. ಮಡಿಚಿಟ್ಟಿದ್ದರು. ನಾನು ಮಡಿಚ್ರಿ ಅಂದರೆ ಎಂದೂ ಮಡಿಚಿದವರಲ್ಲ. ಮಡಿಚಿದ ಹಾಗೇ ಅದನ್ನು ಪಕ್ಕಕ್ಕಿಟ್ಟೆ. ಆಮೇಲೆ ಒಂದೊಂದು ಕೈಗೆ ಒಂದೊಂದು ಘೋಡಿ ಹಿಡಿದು ಹೊರಟೆ.

ಬಾಪುಸಾಹೇಬರು ಜಾಕು ಕೊಟ್ಟು ಎತ್ತಿದರು. ನಾನು ಬಗಲಿಗೆ ಕೂತು, ಕಾರಿನ ಕೆಳಗೆ ಮೈ ಹಾಕದೆ ಘೋಡಿ ಸರಿಸಿದೆ. ತಗಡಿನ ಕೆಳಗಲ್ಲ, ದಪ್ಪ ಕಬ್ಬಿಣ ಇರುವಲ್ಲಿ. ನಮ್ಮವರು ಇಡುವುದನ್ನು ಗೋಡೆಯ ಈಚೆಯಿಂದ ಎಷ್ಟು ಸಲ ನೋಡಿದ್ದೆ. ಆ ಕಡೆಯೂ ಹಾಗೇ ಇಟ್ಟೆ. ಎದ್ದು ಎರಡೂ ಕೈಯಿಂದ ಅಲ್ಲಾಡಿಸಿದೆ. ಕಾರು ಮಿಸುಕಲಿಲ್ಲ.

“ಈಗ ಸಾಯ್ರಿ ಒಳಗ” ಅಂದೆ.

ಬಾಪುಸಾಹೇಬರು ನಕ್ಕರು. ಆಮೇಲೆ ಅತ್ತರು. ಆಮೇಲೆ ಒಳಗೆ ಹೋಗಿ ಸೈಲೆನ್ಸರ್ ಕಟ್ಟಿದರು. ಈಗ ಕಾರು ಒದರುವುದಿಲ್ಲ, ಸೀಟಿ ಹೊಡೆಯುತ್ತದೆ. ಕಮಲಾಬಾಯಿ ಇನ್ನೂ ಹತ್ತಿಲ್ಲ.

ನಮ್ಮವರು ಹೋಗುವ ಮುಂದೆ ಬಾಪುಸಾಹೇಬರ ಹೆಸರು ಎತ್ತಿರಲಿಲ್ಲ. ಸಾರಿಗೆ ಉಪ್ಪು ಕಡಿಮೆ ಅಂದದ್ದೇ ಕೊನೆಯ ಮಾತು. ಇದನ್ನು ಅವರಿಗೆ ಹೇಳಿಲ್ಲ. ಹೇಳುವುದೂ ಇಲ್ಲ.

ಮೊನ್ನೆ ಗೋಡೆಯ ಮೇಲಿಂದ ಕೂಗು ಬಂತು. “ವೈನಿ, ಘೋಡಿ ಕೊಡ್ರಿ.”

“ಏನಾಗೈತಿ ಕಾರಿಗೆ?”

“ಏನೋ ಸಪ್ಪಳ ಬರಾಕತ್ತೈತ್ರಿ.”

ಇಣುಕಿ ನೋಡಿದೆ. ಕಾರು ನಾಲ್ಕು ದಿನದಿಂದ ಜಾಗ ಬಿಟ್ಟು ಕದಲಿರಲಿಲ್ಲ. ಮೇಲೆ ಕಮಲಾಬಾಯಿಯ ಕೌದಿ ಒಣಗುತ್ತಿತ್ತು.

ಒಂದೇ ಘೋಡಿ ಕೊಟ್ಟೆ. ಇನ್ನೊಂದಕ್ಕೆ ಮತ್ತೆ ಕೂಗಲಿ.