ಬಲಗಡೆಯ ಮುಂಚಕ್ರ

ನಮ್ಮಣ್ಣನಿಗೆ ನನ್ನ ಕಾರು ಕಂಡರೆ ಆಗುವುದಿಲ್ಲ. ಅವನ ಎರಡು ದೊಡ್ಡ ಗಾಡಿಗಳ ಪಕ್ಕ ನನ್ನ ಹಳೇ ಸಣ್ಣ ಕಾರು ನಿಂತರೆ ಅವನ ಮರ್ಯಾದೆ ಹೋಗುತ್ತದಂತೆ. ಹೋಗಲಿ ಬಿಡಿ! ಅಷ್ಟು ಸಲೀಸಾಗಿ ಹೋಗುವ ಮರ್ಯಾದೆ ಇದ್ದು ಏನು ಪ್ರಯೋಜನ?

ಬೆಂಗಳೂರಿನ ಅಂಚಿನ ನಮ್ಮ ಸಿಂಗಾಪುರ ಇನ್ನೂ ಹಳ್ಳಿಯಾಗಿದ್ದಾಗ ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅಣ್ಣ ಕಟ್ಟಿಸಿದ ಅಪಾರ್ಟ್‌ಮೆಂಟುಗಳಿವೆ. ಅವನ ಮನೆಯ ಕಾಂಪೌಂಡಿನೊಳಗೇ ಹಿಂದುಗಡೆಯ ಎರಡು ಕೋಣೆಗಳಲ್ಲಿ ನಾನು, ಅವ್ವ ಇದ್ದೇವೆ. ಗಂಡನ ಮನೆ ಬಿಟ್ಟು ಬಂದವಳು ನಾನು. ಆ ಕಥೆ ಬೇರೆ, ಅದಕ್ಕೆ ನಾನು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ. ಹೆಬ್ಬಾಳದ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿ, ನನ್ನ ಸಂಬಳದಲ್ಲೇ ಈ ಕಾರು ತಗೊಂಡೆ. ನಮ್ಮ ಮನೆತನದಲ್ಲಿ ಸ್ಟೀರಿಂಗ್ ಹಿಡಿದ ಮೊದಲ ಹೆಂಗಸು ನಾನೇ.

ಕಾರಿಗೆ ಹದಿನೈದು ವರ್ಷ ತುಂಬಿತು. ಇನ್ನು ಆರ್‌ಟಿಓದವರು ಪರೀಕ್ಷೆ ಮಾಡಿ ಎಫ್‌ಸಿ ಕೊಟ್ಟರೆ ಮಾತ್ರ ಮತ್ತೆ ಕೆಲವು ವರ್ಷ ರಸ್ತೆಗೆ ಇಳಿಸಬಹುದು. ಇಲ್ಲದಿದ್ದರೆ ಗುಜರಿಯೇ ಗತಿ. ಅಣ್ಣ ಇದಕ್ಕೇ ಕಾಯುತ್ತಿದ್ದವನಂತೆ ಬಂದ.

“ಗುಜರಿಗೆ ಹಾಕ್ಬಿಡೇ ಅದನ್ನ. ನಾನು ಹೊಸದು ಕೊಡಿಸ್ತೀನಿ. ಡ್ರೈವರ್ ಇರ್ತಾನೆ. ಎಲ್ಲಿಗೆ ಹೋಗ್ಬೇಕು ಅಂತ ಒಂದ್ ಫೋನ್ ಮಾಡು, ಸಾಕು.”

“ಕೀ ಯಾರ ಹತ್ರ ಇರುತ್ತೆ?”

“ನಮ್ಮನೇಲೇ ಇರುತ್ತೆ. ಯಾಕೆ?”

ಯಾಕಂತೆ! ಯಲಹಂಕದ ಸಂತೆಗೆ ಹೋಗಬೇಕಾದರೂ ಅಣ್ಣನಿಗೆ ಫೋನ್ ಮಾಡಬೇಕು. ಯಾಕೆ, ಎಲ್ಲಿಗೆ, ಎಷ್ಟು ಹೊತ್ತಿಗೆ ಅಂತ ಅತ್ತಿಗೆ ಕೇಳಬೇಕು. ನಾನು ಹೇಳಬೇಕು. ಒಂದು ಸಲ ಹಾಗೆ ಬದುಕಿ, ಸಾಕಾಗಿ, ಎದ್ದು ಬಂದವಳು ನಾನು. ಮತ್ತೆ ಅದೇ ಗುಂಡಿಗೆ ಬೀಳಲೇ?

“ನನ್ ಕಾರು ಎಫ್‌ಸಿ ಪಾಸ್ ಆಗುತ್ತೆ ಅಣ್ಣ. ನೀನು ನಿನ್ ಬಿಲ್ಡಿಂಗ್ ನೋಡ್ಕೋ,” ಅಂದೆ.

ಬಾಯಲ್ಲೇನೋ ಅಂದುಬಿಟ್ಟೆ, ಆದರೆ ಕಾರಿನ ಆರೋಗ್ಯ ನನಗೆ ಗೊತ್ತಿತ್ತು. ಬೆಳಿಗ್ಗೆ ಮೂರು ನಾಲ್ಕು ಸಲ ಕೀಲಿ ತಿರುಗಿಸದೆ ಸ್ಟಾರ್ಟ್ ಆಗುತ್ತಿರಲಿಲ್ಲ. ಹೆಬ್ಬಾಳದ ಫ್ಲೈಓವರ್ ಹತ್ತುವಾಗ ಉಬ್ಬಸದವರ ಹಾಗೆ ಏದುಸಿರು ಬಿಡುತ್ತಿತ್ತು, ಹಿಂದಿನಿಂದ ಹೊಗೆ. ಬ್ರೇಕನ್ನು ಪೂರ್ತಿ ತುಳಿದರೂ ನಿಲ್ಲಲು ಮನಸ್ಸು ಮಾಡುತ್ತಿರಲಿಲ್ಲ. ಯಶವಂತಪುರದಲ್ಲಿ ನನ್ನ ಕಾರನ್ನು ಮೊದಲಿನಿಂದ ನೋಡಿಕೊಳ್ಳುವ ಗ್ಯಾರೇಜಿಗೆ ಒಯ್ದೆ. ಎಂಜಿನ್‌ಗೆ ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರುಗಳು ಕಟ್ಟಿಕೊಂಡಿದ್ದವು. ಮುಂದಿನ ಬ್ರೇಕ್ ಡಿಸ್ಕುಗಳು ಸವೆದು ತೆಳ್ಳಗಾಗಿದ್ದವು.

“ಅಕ್ಕ, ತೊಳೆದು ಕೊಡ್ತೀನಿ, ಹೆಂಗೋ ಪಾಸ್ ಆಗುತ್ತೆ,” ಅಂದ ಗ್ಯಾರೇಜಿನವನು.

“ಹೆಂಗೋ ಪಾಸ್ ಆಗೋದು ಬೇಡಪ್ಪ. ಎಲ್ಲಾ ಹೊಸದು ಹಾಕು. ಮೊದಲು ಇದ್ದಿದ್ದಕ್ಕಿಂತ ಒಳ್ಳೇದು ಹಾಕು.”

ಅದೇ ಕಾರಿನ ಮೇಲಿನ ಮಾಡೆಲ್‌ಗೆ ಬರುವ ದಪ್ಪ ಡಿಸ್ಕು, ಅದನ್ನು ಒತ್ತಿ ಹಿಡಿದು ಚಕ್ರ ನಿಲ್ಲಿಸುವ ಹೊಸ ಪ್ಯಾಡು, ಪೆಟ್ರೋಲನ್ನು ಮಂಜಿನಷ್ಟು ಸಣ್ಣಗೆ ಚಿಮ್ಮಿಸುವ ಹೊಸ ಇಂಜೆಕ್ಟರುಗಳು ಬಿದ್ದವು. ನಾನು ಅಲ್ಲೇ ಸ್ಟೂಲು ಹಾಕಿಕೊಂಡು ಕೂತು ಎಲ್ಲ ನೋಡಿದೆ. ಗುರುವಾರ ಸಂಜೆ ಮನೆಗೆ ತಂದಾಗ ಕಾರು ಬೆಣ್ಣೆಯ ಹಾಗೆ ಬಂತು. ಖುಷಿಗೆ ವಿದ್ಯಾರಣ್ಯಪುರ ಒಂದು ಸುತ್ತು ಜಾಸ್ತಿ ಹೊಡೆದೆ.

ಸೋಮವಾರ ಪರೀಕ್ಷೆ. ಶನಿವಾರ ಅಣ್ಣನನ್ನು ನಾನೇ ಕರೆದೆ. ಬಾ, ಕೂತ್ಕೋ, ನೀನೇ ನೋಡು ಅಂದೆ. ರಸ್ತೆ ಖಾಲಿಯಿತ್ತು, ಬ್ರೇಕನ್ನು ಜೋರಾಗಿ ತುಳಿಯುವ ಪ್ರಸಂಗವೇ ಬರಲಿಲ್ಲ. ಹೆಬ್ಬಾಳದ ಫ್ಲೈಓವರನ್ನು ಸಲೀಸಾಗಿ ಹತ್ತಿದೆವು. ಇಳಿಜಾರಿನಲ್ಲಿ ಮುಂದಿದ್ದ ಆಟೋ ನಿಂತಿತು. ಬ್ರೇಕ್ ತುಳಿದೆ. ಅಯ್ಯೋ ದೇವರೇ! ಕಾರು ನೆಟ್ಟಗೆ ನಿಲ್ಲುವ ಬದಲು ಸರ್ರನೆ ಎಡಕ್ಕೆ ಎಳೆಯಿತು. ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು ಹ್ಯಾಂಡ್‌ಬ್ರೇಕ್ ಎಳೆದೆ. ತಡೆಗೋಡೆಗೆ ಒಂದು ಗೇಣು ದೂರದಲ್ಲಿ ನಿಂತಿತು.

ಅಣ್ಣನ ಮುಖ ಬಿಳಿಚಿಕೊಂಡಿತ್ತು. ಆಮೇಲೆ ಶುರುವಾಯಿತು. “ಸಾಯಿಸ್ಬಿಡ್ತಿದ್ಯಲ್ಲೇ! ಸುಮ್ನಿರ್ಲಾರ್ದೆ ಇರುವೆ ಬಿಟ್ಕೊಂಡ್ರಂತೆ, ಹಂಗಾಯ್ತು ನಿಂದು. ಸಾಕು ನಿನ್ ಡ್ರೈವಿಂಗು. ಗುಜರಿಯವನಿಗೆ ಹೇಳ್ತೀನಿ.” ಮನೆಗೆ ಬಂದು ಅತ್ತಿಗೆಯ ಮುಂದೆ, ಮಕ್ಕಳ ಮುಂದೆ, ಕೊನೆಗೆ ನಮ್ಮ ಬಾಗಿಲಲ್ಲೇ ನಿಂತು ಅವ್ವನ ಮುಂದೆಯೂ ಅದನ್ನೇ ಹೇಳಿದ.

ನನಗೆ ಅಳು ಬರುವಷ್ಟು ಕೋಪ ಬಂದಿತ್ತು. ಆದರೂ ತಲೆ ಓಡುತ್ತಲೇ ಇತ್ತು. ಎಡಕ್ಕೆ ಎಳೆಯಿತು ಅಂದರೆ ಎಡಗಡೆಯ ಬ್ರೇಕು ಹಿಡಿದಿದೆ, ಬಲಗಡೆಯದು ಹಿಡಿದಿಲ್ಲ. ಟಾರ್ಚು ಹಿಡಿದು ಬಲಗಡೆಯ ಮುಂಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತೆ. ಚಕ್ರದ ಸಂದಿಯಲ್ಲಿ ಕಾಣುವ ಹೊಸ ಡಿಸ್ಕಿನ ಮೇಲೆ ಸುತ್ತಲೂ ಕೆಂಪಗೆ ಏನೋ ಬಳಿದುಕೊಂಡಿತ್ತು. ಬೆರಳಿಟ್ಟೆ, ಜಾರಿತು. ಮೂಸಿದೆ. ಹರಳೆಣ್ಣೆ, ಕುಂಕುಮ!

ಅರ್ಥವಾಗಲು ಬಹಳ ಹೊತ್ತು ಬೇಕಾಗಲಿಲ್ಲ. ಶುಕ್ರವಾರ ನಾನು ಬಸ್ಸಿನಲ್ಲಿ ಆಫೀಸಿಗೆ ಹೋಗಿದ್ದೆ. ನಮ್ಮಲ್ಲಿ ನೇಗಿಲಿನಿಂದ ಮಿಕ್ಸಿಯವರೆಗೆ ಹೊಸ ಸಾಮಾನು ಏನು ಬಂದರೂ ಕುಂಕುಮ ಇಡದೆ ಬಳಸುವುದಿಲ್ಲ. ಕಬ್ಬಿಣಕ್ಕೆ ಒಣ ಕುಂಕುಮ ಅಂಟುವುದಿಲ್ಲವೆಂದು ಅವ್ವ ಎಣ್ಣೆಯಲ್ಲಿ ಕಲಸುತ್ತಾಳೆ. ಕಾರಿನ ಎಡಗಡೆ ಗೋಡೆಗೆ ಒತ್ತಿಕೊಂಡು ನಿಂತಿತ್ತು, ಅಲ್ಲಿಗೆ ಅವಳ ಕೈ ಹೋಗಿಲ್ಲ. ಬಲಗಡೆ ಫಳಫಳ ಹೊಳೆಯುವ ಡಿಸ್ಕು ಕಂಡಿದೆ, ಕೈಯಾರೆ ಪೂಜೆ ಮಾಡಿದ್ದಾಳೆ. ನನಗೆ ಒಳ್ಳೆಯದಾಗಲಿ ಅಂತಲೇ.

ಅಣ್ಣನ ಮನೆಗೆ ಹೋಗಿ ಬಾಗಿಲು ಬಡಿದು, “ನೋಡೋ, ನನ್ನ ಬ್ರೇಕು ಸರಿಯಾಗೇ ಇದೆ!” ಅಂತ ಕೂಗಬೇಕೆನ್ನಿಸಿತು. ಕೂಗಿದ್ದರೆ ಏನಾಗುತ್ತಿತ್ತು? ಅಣ್ಣ ಅವ್ವನ ಮೇಲೆ ಹಾರಾಡುತ್ತಿದ್ದ. ಹೆತ್ತ ಮಕ್ಕಳನ್ನು ನಾನೇ ಕೊಲ್ಲೋಕೆ ಹೊರಟಿದ್ದೆ ಅಂತ ಅವಳು ಕೊನೆಯವರೆಗೂ ಕೊರಗುತ್ತಿದ್ದಳು. ಬೇಡ. ಆಡಿಕೊಳ್ಳುವವನು ಆಡಿಕೊಳ್ಳಲಿ. ಅವ್ವನ ಹಳೇ ಸೀರೆಯ ತುಂಡಿನಲ್ಲಿ ಒರೆಸಿದೆ. ಭಾನುವಾರ ನಿಧಾನಕ್ಕೆ ಗ್ಯಾರೇಜಿಗೆ ಹೋಗಿ ಡಿಸ್ಕು ತೊಳೆಸಿ, ಎಣ್ಣೆ ಕುಡಿದಿದ್ದ ಪ್ಯಾಡುಗಳನ್ನು ಬದಲಾಯಿಸಿಕೊಂಡು ಬಂದೆ. ಆ ಬಟ್ಟೆಯನ್ನು ಮಾತ್ರ ಹಿತ್ತಲಿನಲ್ಲೇ ಮರೆತಿದ್ದೆ.

ಸೋಮವಾರ ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಅವ್ವ ಒಳ್ಳೆ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದಳು.

“ಎಲ್ಲಿಗವ್ವಾ?”

“ನೀ ಓಗೋ ಕಡೀಕೆ. ನಡಿ.”

ಅಣ್ಣ ತನ್ನ ಗಾಡಿಯಲ್ಲಿ ಹಿಂದೆಯೇ ಬಂದ. ಫೇಲಾದರೆ ನಮ್ಮನ್ನು ವಾಪಸ್ಸು ಕರೆದುಕೊಂಡು ಬರಬೇಕಲ್ಲ, ಅದಕ್ಕಂತೆ. ಆರ್‌ಟಿಓ ಮೈದಾನದಲ್ಲಿ ಇನ್ಸ್‌ಪೆಕ್ಟರು ಎಂಜಿನ್ ನೋಡಿದರು, ಲೈಟು, ಹಾರ್ನು ನೋಡಿದರು. ಹೊಗೆಯ ಪರೀಕ್ಷೆ ಮೊದಲೇ ಆಗಿತ್ತು. ಕೊನೆಗೆ, ಅಲ್ಲಿಂದ ಜೋರಾಗಿ ಬಂದು ಈ ಸುಣ್ಣದ ಗೆರೆಯ ಹತ್ತಿರ ಬ್ರೇಕ್ ಹಾಕಿ ಅಂದರು. ಕಿಟಕಿಯಲ್ಲಿ ಬಗ್ಗಿ, “ಅಜ್ಜಿ, ನೀವು ಇಳ್ಕೊಳ್ಳಿ,” ಅಂದರು.

ಅಣ್ಣ ಓಡಿಬಂದ. “ಇಳಿಯವ್ವಾ! ಮೊನ್ನೆ ಇದ್ರಲ್ಲಿ ನಾನೇ ಸಾಯ್ತಿದ್ದೆ.”

ಅವ್ವ ಅಲ್ಲಾಡಲಿಲ್ಲ. “ಅದು ಗಾಡಿ ತಪ್ಪಲ್ಲ ಕಣ್ಲಾ. ಬ್ರೇಕಿಗೆ ಎಣ್ಣೆ ಕುಂಕುಮ ಬಳ್ದೋಳು ನಾನು. ನಿನ್ ತಂಗಿ ಒರ್ಸಿ ಇತ್ಲಲ್ಲಿ ಬಿಟ್ಟಿದ್ ಬಟ್ಟೆ ನೋಡ್ದೆ. ನೀನು ಅಷ್ಟು ಆಡ್ಕೊಂಡ್ರೂ ನನ್ನೆಸ್ರು ಏಳ್ಲಿಲ್ಲ ಅವ್ಳು. ಈಗ ನಾನ್ ಇಳ್ಯಾಕಿಲ್ಲ.” ಇನ್ಸ್‌ಪೆಕ್ಟರ ಕಡೆ ತಿರುಗಿದಳು. “ನೋಡಪ್ಪ, ನನ್ ಮಗ್ಳು ನಿಲ್ಲುಸ್ತಾಳೆ.”

ಇನ್ಸ್‌ಪೆಕ್ಟರು ಒಂದು ಕ್ಷಣ ಅವಳನ್ನೇ ನೋಡಿ, “ಬೆಲ್ಟ್ ಹಾಕ್ಕೊಳ್ಳಿ ಅಜ್ಜಿ,” ಅಂದರು. ನಾನೇ ಹಾಕಿದೆ.

ಜೋರಾಗಿಯೇ ಬಂದೆ. ಗೆರೆಯ ಹತ್ತಿರ ಬ್ರೇಕ್ ತುಳಿದೆ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ನೆಟ್ಟಗೆ ನಿಂತಿತು. ಅವ್ವ ಕಣ್ಣು ತೆರೆದುಕೊಂಡೇ ಇದ್ದಳು. ಅಣ್ಣ ಮುಚ್ಚಿಕೊಂಡಿದ್ದ.

ಪಾಸಾಯಿತು ಅಂತ ಇನ್ಸ್‌ಪೆಕ್ಟರು ಹೇಳಿದ ಮೇಲೆ ಅಣ್ಣ ಮೆಲ್ಲಗೆ ಕಿಟಕಿಯ ಹತ್ತಿರ ಬಂದ. ನನ್ನ ಮುಖ ನೋಡಲಿಲ್ಲ. “ಅವ್ವಾ, ಬಿಸ್ಲು ಜಾಸ್ತಿ ಆಯ್ತು. ನನ್ ಗಾಡೀಲಿ ಬಾ, ಎಸಿ ಇದೆ.”

“ನಮ್ಮುದ್ರಲ್ಲಿ ಕಿಟ್ಕಿ ಐತೆ,” ಅಂದಳು ಅವ್ವ.

ಕೀಲಿ ತಿರುಗಿಸಿದೆ. ಒಂದೇ ಏಟಿಗೆ ಸ್ಟಾರ್ಟ್ ಆಯಿತು.